ಹಲವು ಆಸಕ್ತಿಗಳನ್ನು ಒಟ್ಟಿಗೆ ನಡೆಸಿಕೊಂಡು ಹೋಗುವುದು: ನನ್ನ ಅನುಭವ

ಹಲವು ಆಸಕ್ತಿಗಳಿರುವವರು ಸಾಮಾನ್ಯವಾಗಿ ಸಮಯ ಸಾಲದು ಎನ್ನುತ್ತಾರೆ. ನಾನು ಕಂಡಂತೆ ಹೆಚ್ಚು ಹೊತ್ತು ಪೋಲಾಗುವುದು ಹತ್ತು ದಿನ ಬಿಟ್ಟ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಾಗ, 'ಎಲ್ಲಿಗೆ ಬಂದಿದ್ದೆ?' ಎಂದು ಹುಡುಕುವುದರಲ್ಲಿ. ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಅದಕ್ಕೇ ಹೋದರೆ ಉಳಿದ ನಲವತ್ತು ನಿಮಿಷಕ್ಕೆ ಹುರುಪು ಉಳಿಯುವುದಿಲ್ಲ. ಹಾಗಾಗಿ ಕೆಲಸ ನಿಲ್ಲಿಸುವ ರೀತಿಗೆ ನಾನು ತುಂಬ ಬೆಲೆ ಕೊಡುತ್ತೇನೆ.

ಯಾವ ಅಭ್ಯಾಸಕ್ಕೆ ಕೂತರೂ ಕೊನೆಯ ಐದು ನಿಮಿಷ ಚೀಟಿಗೆ ಮೀಸಲು. ಅದರಲ್ಲಿ ಎಲ್ಲಿ ನಿಂತಿತು, ಯಾಕೆ ನಿಂತಿತು, ಮುಂದಿನ ಸಲ ಮೊದಲು ಏನು ಮಾಡಬೇಕು ಎಂದು ಬರೆಯುತ್ತೇನೆ. ಗಿಟಾರಿನ ಚೀಟಿ ಹೀಗಿರುತ್ತದೆ (ಬಾರ್ ಎಂದರೆ ಸ್ವರಲಿಪಿಯ ಒಂದು ಸಣ್ಣ ಖಂಡ, ಮೆಟ್ರೊನೋಮ್ ಎಂದರೆ ನಿಮಿಷಕ್ಕೆ ಇಂತಿಷ್ಟು ಬಡಿತ ಎಂದು ತಾಳ ಹಾಕುವ ಸಾಧನ): 'ಎರಡನೇ ಭಾಗ, 9-10ನೇ ಬಾರ್. ಮೆಟ್ರೊನೋಮ್ 72ಕ್ಕೆ ಸರಿ, 80ಕ್ಕೆ ಉಂಗುರ ಬೆರಳು ತಡವಾಗುತ್ತೆ. ಮುಂದೆ: 76ರಲ್ಲಿ ಆ ಎರಡೇ ಬಾರ್, ತಪ್ಪಿಲ್ಲದೆ ಐದು ಸಲ.' ಇದರ ಬದಲು 'ಅಭ್ಯಾಸ ಮುಂದುವರಿಸು' ಎಂದು ಬರೆದಿಟ್ಟರೆ ಪ್ರಯೋಜನವಿಲ್ಲ, ಮುಂದಿನ ಸಲ ಮತ್ತೆ ಯೋಚಿಸಿ ತೀರ್ಮಾನಿಸಬೇಕಾಗುತ್ತದೆ. ಪ್ರೋಗ್ರಾಮಿಂಗ್ ಆದರೆ ಫೇಲ್ ಆಗುವ ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂ) ಒಂದನ್ನು ಬೇಕೆಂದೇ ಬರೆದಿಟ್ಟು ಮುಚ್ಚುತ್ತೇನೆ. ಮತ್ತೆ ತೆರೆದು ಓಡಿಸಿದ ಕೂಡಲೇ ಎಲ್ಲಿಂದ ಶುರುಮಾಡಬೇಕೆಂದು ಅದೇ ತೋರಿಸುತ್ತದೆ.

ಚೀಟಿಯಿಂದ ಇನ್ನೊಂದು ಲಾಭವೂ ಇದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿಯುತ್ತದೆ ಎಂದು ಮ್ಯಾನೇಜ್‌ಮೆಂಟ್ ಸಂಶೋಧಕಿ ಸೋಫಿ ಲೆರಾಯ್ 2009ರ ಸಂಶೋಧನೆಯಲ್ಲಿ ತೋರಿಸಿದರು. ಮತ್ತೆ ಎಲ್ಲಿಂದ ಆರಂಭಿಸಬೇಕೆಂದು ಬರೆದಿಟ್ಟರೆ ಈ ಎಳೆತ ಕಡಿಮೆಯಾಗುತ್ತದೆ ಎಂಬುದು ಅವರ ನಂತರದ ಕೆಲಸದಿಂದ ಗೊತ್ತಾಯಿತು. ಒಂದೇ ಸಂಜೆ ಎರಡು ವಿಷಯಕ್ಕೆ ಕೂರುವವರಿಗೆ ಇದು ಬಹಳ ಮುಖ್ಯ.

ಇನ್ನು ಹಂಚಿಕೆಯ ಮಾತು. ಒಂದು ಹೊತ್ತಿಗೆ ಎರಡನ್ನು ಮಾತ್ರ ಬೆಳೆಸುತ್ತೇನೆ, ಉಳಿದವನ್ನು ಮರೆಯದಂತೆ ಕಾಪಾಡಿಕೊಳ್ಳುತ್ತೇನೆ. ಬೆಳೆಸುವುದಕ್ಕೆ ವಾರಕ್ಕೆ ನಾಲ್ಕು ಸಲ, ಪ್ರತಿ ಸಲ 45 ನಿಮಿಷ. ವಾರಕ್ಕೆ ಐದು ಗಂಟೆ ಸಿಕ್ಕರೆ ಅದನ್ನು ಐದು ವಿಷಯಗಳಿಗೆ ಸಮನಾಗಿ ಹಂಚುವುದು ನ್ಯಾಯವೆನಿಸಬಹುದು. ಆದರೆ ವಾರಕ್ಕೊಮ್ಮೆ ಮಾತ್ರ ಮುಟ್ಟಿದ ಹೊಸ ವಿದ್ಯೆಯಲ್ಲಿ ಹೋದ ವಾರದ ಮಟ್ಟಕ್ಕೆ ಬರುವುದರಲ್ಲೇ ಗಂಟೆಯ ಬಹುಪಾಲು ಮುಗಿಯುತ್ತದೆ. ಬೆಳೆಸುವ ಎರಡೂ ಒಂದೇ ಬಗೆಯ ದಣಿವು ತರುವಂತಿರಬಾರದು. ಚದುರಂಗ ಮತ್ತು ಪ್ರೋಗ್ರಾಮಿಂಗ್ ಜೋಡಿ ಬೇಡ, ಪ್ರೋಗ್ರಾಮಿಂಗ್ ಮತ್ತು ಚಿತ್ರಕಲೆ ಚೆನ್ನಾಗಿ ಹೊಂದುತ್ತವೆ.

ಕಾಪಾಡಿಕೊಳ್ಳುವ ಲೆಕ್ಕ ಎಲ್ಲದಕ್ಕೂ ಒಂದೇ ಅಲ್ಲ. ಈಜು, ಸೈಕಲ್ ಸವಾರಿಯಂಥ ನಿರಂತರ ಚಲನೆಯ ಕೌಶಲಗಳು ವರ್ಷ ಬಿಟ್ಟರೂ ಮೈಯಲ್ಲಿ ಉಳಿಯುತ್ತವೆ, ದಮ್ಮು ಮಾತ್ರ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಪದಗಳು, ಸೂತ್ರಗಳು ಬೇಗ ಜಾರುತ್ತವೆ. ಮರೆವು ಆರಂಭದಲ್ಲೇ ಅತಿ ವೇಗ ಎಂಬುದನ್ನು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಹೊಸ ಭಾಷೆಯ ಪದಗಳನ್ನು ನಾನು ಕಾರ್ಡುಗಳಲ್ಲಿ ಬರೆದು 1, 2, 4, 8, 16 ದಿನಗಳ ಅಂತರದಲ್ಲಿ ನೋಡುತ್ತೇನೆ. ತಪ್ಪಿದ ಕಾರ್ಡು ಮತ್ತೆ ಒಂದು ದಿನದ ಅಂತರಕ್ಕೆ ಬರುತ್ತದೆ. ಇಲ್ಲಿ ಹೆಚ್ಚಿನವರು ಎಡವುವುದು ಹೊಸ ಕಾರ್ಡುಗಳ ವಿಷಯದಲ್ಲಿ. ದಿನಕ್ಕೆ ಇಪ್ಪತ್ತು ಸೇರಿಸಿದರೆ ಮೂರನೇ ವಾರದ ಹೊತ್ತಿಗೆ ದಿನವೂ ನೂರರ ಆಸುಪಾಸು ಕಾರ್ಡು ತಿರುವಬೇಕಾಗುತ್ತದೆ, ಅಲ್ಲಿಗೆ ಕೈಬಿಡುತ್ತಾರೆ. ಕಾಪಾಡುವ ಹಂತದಲ್ಲಿ ಹೊಸ ಕಾರ್ಡು ಸೊನ್ನೆ, ದಿನಕ್ಕೆ ಹತ್ತು ನಿಮಿಷ ಸಾಕು. ವಾದ್ಯಕ್ಕೆ ವಾರದಲ್ಲಿ ಎರಡು ಸಲ 15 ನಿಮಿಷ, ಅದರಲ್ಲಿ ಹತ್ತು ನಿಮಿಷ ಕಷ್ಟದ ಜಾಗಕ್ಕೇ ಕೊಡಬೇಕು. ಬರುವ ಹಾಡನ್ನೇ ನುಡಿಸುತ್ತಾ ಕೂತರೆ ಖುಷಿಯೇನೋ ಆಗುತ್ತದೆ, ಮಟ್ಟ ಮಾತ್ರ ಇಳಿಯುತ್ತದೆ. ವಿಡಿಯೋ ಎಡಿಟಿಂಗ್‌ನಂಥ ಹಲವು ಹಂತದ ಕೆಲಸಗಳನ್ನು ನೆನಪಿಡಲು ಹೋಗುವುದೇ ಇಲ್ಲ, ಹಂತಗಳನ್ನೆಲ್ಲ ಒಂದು ಪುಟದಲ್ಲಿ ಬರೆದಿಡುತ್ತೇನೆ.

ಹೊಸ ಆಸಕ್ತಿ ಹುಟ್ಟಿದರೆ ದಿನಾಂಕ ಹಾಕಿ ಪಟ್ಟಿಗೆ ಸೇರಿಸುತ್ತೇನೆ. ಸಲಕರಣೆ ಕೊಳ್ಳುವುದಿಲ್ಲ, ಎರವಲು ಪಡೆದು ಅರ್ಧ ಗಂಟೆಯಂತೆ ಐದು ಸಲ ಮಾಡಿ ನೋಡುತ್ತೇನೆ. ಐದನೇ ಸಲವೂ ಕೈ ತಾನಾಗಿ ಅತ್ತ ಹೋದರೆ ಅದಕ್ಕೆ ಸರದಿ ಸಿಗುತ್ತದೆ.

ಸರದಿ ಬದಲಾಯಿಸುವುದು ಆರು ವಾರಕ್ಕೊಮ್ಮೆ. ಕಾಪಾಡಿಟ್ಟ ವಿಷಯವನ್ನು ಮತ್ತೆ ಬೆಳೆಸಲು ತೆಗೆದಾಗ ಮೊದಲ ವಾರ ಹೊಸದೇನನ್ನೂ ಮುಟ್ಟುವುದಿಲ್ಲ. ಹೊತ್ತು 45ರ ಬದಲು 25 ನಿಮಿಷ, ಮೆಟ್ರೊನೋಮ್ ಹಳೆಯ ವೇಗದ ಮುಕ್ಕಾಲಕ್ಕೆ. ಒಮ್ಮೆ ಕಲಿತದ್ದನ್ನು ಮತ್ತೆ ಕಲಿಯಲು ಮೊದಲ ಸಲದಷ್ಟು ಹೊತ್ತು ಬೇಕಾಗುವುದಿಲ್ಲ, ಇದೂ ಎಬ್ಬಿಂಗ್‌ಹೌಸ್ ಅಳೆದು ತೋರಿಸಿದ್ದೇ. ಎರಡನೇ ವಾರದ ಕೊನೆಗೂ ಹಳೆಯ ಮಟ್ಟದ ಹತ್ತಿರ ಬರಲಿಲ್ಲವೆಂದರೆ ಕಾಪಾಡಲು ಕೊಟ್ಟ ಹೊತ್ತು ಕಡಿಮೆಯಾಗಿತ್ತು ಎಂದರ್ಥ. ಅದರ ಚೀಟಿಯ ಹಿಂದೆ 'ಮುಂದಿನ ಸಲ ವಾರಕ್ಕೆ ಇನ್ನೂ 15 ನಿಮಿಷ' ಎಂದು ಬರೆದುಕೊಳ್ಳುತ್ತೇನೆ.