ಮಣ್ಣು ಕೆಟ್ಟಿದೆಯೇ? ಅಯಸ್ಕಾಂತ ಹಿಡಿದು ಹುಡುಕುವುದು ಹೇಗೆ

ಒಂದು ಚಿಕ್ಕ ಅಯಸ್ಕಾಂತವನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಸ್ತೆ ಬದಿಯ ಒಣ ಮಣ್ಣಿನಲ್ಲಿ ಆಡಿಸಿ. ಚೀಲದ ಹೊರಗೆ ಕಪ್ಪು ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ. ಅಯಸ್ಕಾಂತವನ್ನು ಹೊರಗೆ ತೆಗೆದರೆ ಸಾಕು, ಪುಡಿ ಉದುರಿ ಕೆಳಗೆ ಬೀಳುತ್ತದೆ. ಅದನ್ನು ಕಾಗದದ ಮೇಲೆ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಲ್ಲು ಸವೆದು ಬಂದ ಕಣಗಳಾದರೆ ಸಾಮಾನ್ಯವಾಗಿ ಅಂಕುಡೊಂಕಾಗಿರುತ್ತವೆ. ಅವುಗಳ ನಡುವೆ ನುಣುಪಾದ ಪುಟ್ಟ ಗೋಲಿಗಳು ಕಂಡರೆ ಅವು ಬಹುತೇಕ ಯಾವುದೋ ಕುಲುಮೆಯಲ್ಲಿ ಕರಗಿ, ಹೊಗೆಯ ಜೊತೆ ಹಾರಿ ಬಂದವು.

ಇಡೀ ವಿಧಾನ ನಿಂತಿರುವುದು ಈ ಗೋಲಿಗಳ ಮೇಲೆ. ಕಲ್ಲಿದ್ದಲಿನಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ. ಉರಿಯುವಾಗ ಗಂಧಕ ಹೊಗೆಯಾಗಿ ಹೋಗುತ್ತದೆ, ಕಬ್ಬಿಣದ ಒಂದು ಪಾಲು ಮ್ಯಾಗ್ನೆಟೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್ ಆಗಿ ಹಾರುಬೂದಿಯಲ್ಲಿ ಉಳಿಯುತ್ತದೆ. ಉಕ್ಕಿನ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ವಾಹನದ ಬ್ರೇಕ್ ಸವೆತ ಎಲ್ಲವೂ ಇಂಥ ಕಣಗಳನ್ನು ಉಗುಳುತ್ತವೆ. ಸೀಸ, ಸತು, ಕ್ಯಾಡ್ಮಿಯಂನಂಥ ಭಾರಲೋಹಗಳು ಅನೇಕ ಸಲ ಇವುಗಳ ಮೈಗೆ ಅಂಟಿಕೊಂಡೋ ಒಳಗೇ ಸೇರಿಕೊಂಡೋ ಬರುತ್ತವೆ. ಸೀಸವನ್ನು ಅಯಸ್ಕಾಂತ ಹಿಡಿಯುವುದಿಲ್ಲ, ಅದರ ಜೊತೆಗಾರನನ್ನು ಹಿಡಿಯುತ್ತದೆ. ಈ ಮಾತು ಕೊನೆಯವರೆಗೂ ನೆನಪಿರಲಿ. ಈ ವಿಧಾನದಲ್ಲಿ ಆಗುವ ಮುಕ್ಕಾಲು ತಪ್ಪುಗಳು ಇದನ್ನು ಮರೆತಾಗಲೇ ಆಗುವುದು.

ಅಳೆಯುವುದು ಏನನ್ನು?

ಚೀಲದ ಆಟ ಕುತೂಹಲಕ್ಕೆ ಸರಿ. ನಕ್ಷೆ ಮಾಡಬೇಕೆಂದರೆ ಸಂಖ್ಯೆ ಬೇಕು. ಆ ಸಂಖ್ಯೆಗೆ ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿ ಎನ್ನುತ್ತಾರೆ. ಮಣ್ಣನ್ನು ಒಂದು ದುರ್ಬಲ ಕಾಂತಕ್ಷೇತ್ರದಲ್ಲಿ ಇಟ್ಟರೆ ಅದು ಎಷ್ಟರ ಮಟ್ಟಿಗೆ ಕಾಂತವಾಗುತ್ತದೆ ಎಂಬುದರ ಲೆಕ್ಕ ಇದು. ಮರಳು, ನೀರು, ಕೊಳೆತ ಎಲೆಗಳದ್ದು ಶೂನ್ಯಕ್ಕಿಂತ ಚೂರು ಕಡಿಮೆ. ಕೆಂಪು ಮಣ್ಣಿಗೆ ಬಣ್ಣ ಕೊಡುವ ಹೆಮಟೈಟ್‌ನದ್ದು ಸ್ವಲ್ಪವೇ. ಮ್ಯಾಗ್ನೆಟೈಟ್‌ನದ್ದು ಮಾತ್ರ ಹೆಮಟೈಟ್‌ನ ನೂರಾರು ಪಟ್ಟು. ಹಾಗಾಗಿ ಮಣ್ಣು ಕೆಂಪಗಿದ್ದ ಮಾತ್ರಕ್ಕೆ ಮೀಟರ್ ಜಾಸ್ತಿ ತೋರಿಸಬೇಕೆಂದೇನಿಲ್ಲ. ಆದರೆ ಚಿಟಿಕೆ ಮ್ಯಾಗ್ನೆಟೈಟ್ ಬಿದ್ದರೂ ಅದು ತಿಳಿದುಬಿಡುತ್ತದೆ.

ಹೊರಗೆ ಅಳೆಯುವುದು

ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು ಬಾರ್ಟಿಂಗ್ಟನ್ ಕಂಪನಿಯ ಮೀಟರ್. ಅದಕ್ಕೆ ಉದ್ದ ಹಿಡಿಕೆಯ ತುದಿಯಲ್ಲಿ ಸುಮಾರು 18.5 ಸೆಂ.ಮೀ. ಅಗಲದ ಬಳೆಯಂಥ ಸೆನ್ಸರ್ ಇರುತ್ತದೆ. ನೆಲಕ್ಕೆ ತಾಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಸಂಖ್ಯೆ ಬರುತ್ತದೆ. ಬಳೆ ನೋಡುವುದು ಮುಖ್ಯವಾಗಿ ಮೇಲಿನ 6ರಿಂದ 8 ಸೆಂ.ಮೀ. ಮಣ್ಣನ್ನು, ಅದರಲ್ಲೂ ತೀರಾ ಮೇಲಿನ ಪದರವನ್ನು. ಗಾಳಿಯಿಂದ ಇಳಿದ ದೂಳು ಕೂತಿರುವುದೂ ಅಲ್ಲೇ ಅಲ್ವಾ?

ಮೊದಲು ಬಳೆಯನ್ನು ಗಾಳಿಯಲ್ಲಿ ಹಿಡಿದು ಒಂದು ಅಳತೆ, ಆಮೇಲೆ ನೆಲದ ಮೇಲೆ, ಮತ್ತೆ ಗಾಳಿಯಲ್ಲಿ. ಬಿಸಿಲಿಗೆ ಸೆನ್ಸರ್ ಕಾದಂತೆ ಸಂಖ್ಯೆ ಜಾರುತ್ತಾ ಹೋಗುತ್ತದೆ. ಎರಡು ಗಾಳಿ ಅಳತೆಗಳ ಸರಾಸರಿ ಕಳೆದರೆ ಆ ದೋಷ ಹೋಗುತ್ತದೆ. ನೆಲದ ಮೇಲಿನ ಎಲೆ-ಕಡ್ಡಿಯನ್ನು ಸರಿಸಿ. ಬಳೆಯ ಕೆಳಗೆ ಬೆರಳಿನಷ್ಟು ಸಂದಿ ಉಳಿದರೂ ಮೀಟರಿನ ಓದು (ರೀಡಿಂಗ್) ಬಹಳ ಇಳಿಯುತ್ತದೆ.

ಒಂದು ಜಾಗಕ್ಕೆ ಒಂದೇ ಓದು ಸಾಲದು. ಎರಡು ಮೀಟರ್ ಅಗಲದ ವೃತ್ತದೊಳಗೆ ಹತ್ತು-ಹದಿನೈದು ಕಡೆ ಅಳೆದು ಸರಾಸರಿ ತೆಗೆಯಿರಿ. ಅದರಲ್ಲಿ ಒಂದು ಮಾತ್ರ ವಿಪರೀತ ಜಾಸ್ತಿ ಬಂದರೆ ಮಾಲಿನ್ಯ ಸಿಕ್ಕಿತು ಎಂದು ಕುಣಿಯಬೇಡಿ. ಬಹುಶಃ ಕೆಳಗೊಂದು ಹಳೆಯ ಮೊಳೆ ಹೂತಿರುತ್ತದೆ. ನಿಮ್ಮ ಬೂಟಿನ ಕಬ್ಬಿಣದ ಮುಂತುದಿ, ಕೈಯಲ್ಲಿನ ಕೀಲಿಗೊಂಚಲು ಇವೂ ಮೋಸ ಮಾಡುತ್ತವೆ.

ಜಾಗ ಆರಿಸುವಾಗ ಉತ್ತ ಹೊಲ ಬೇಡ, ಅಲ್ಲಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿರುತ್ತದೆ. ಬೆಂಕಿ ಬಿದ್ದ ಜಾಗವೂ ಬೇಡ. ಮಣ್ಣು ಕಾದಾಗ ಅದರೊಳಗಿನ ಕಬ್ಬಿಣವೇ ಮ್ಯಾಗ್ನೆಟೈಟ್ ಆಗಿಬಿಡಬಹುದು. ಕಾಡಿನ ಮಣ್ಣು ಒಳ್ಳೆಯದು, ಆದರೆ ಅದನ್ನು ಪಕ್ಕದ ಹುಲ್ಲುಗಾವಲಿನ ಜೊತೆ ನೇರ ಹೋಲಿಸುವಂತಿಲ್ಲ. ಮರದ ಎಲೆಗಳು ಗಾಳಿಯ ದೂಳನ್ನು ಜರಡಿಯಂತೆ ಹಿಡಿದು ಕೆಳಗಿಳಿಸುತ್ತವೆ. ಹಾಗಾಗಿ ಕಾಡಿನಲ್ಲಿ ಓದು ಸಹಜವಾಗಿಯೇ ಜಾಸ್ತಿ.

ಮೇಲಿಂದ ಬಿದ್ದದ್ದೋ, ಕೆಳಗಿಂದ ಬಂದದ್ದೋ?

ನಿಜವಾದ ಕೆಲಸ ಇಲ್ಲಿ ಶುರುವಾಗುತ್ತದೆ. ಬಸಾಲ್ಟ್ ಬಂಡೆಯಿಂದ ಹುಟ್ಟಿದ ಮಣ್ಣಿನಲ್ಲಿ ಮ್ಯಾಗ್ನೆಟೈಟ್ ತಾನಾಗಿಯೇ ಧಾರಾಳವಾಗಿರುತ್ತದೆ. ಸುತ್ತ ಒಂದೂ ಚಿಮಣಿ ಇಲ್ಲದಿದ್ದರೂ ಮೀಟರ್ ದೊಡ್ಡ ಸಂಖ್ಯೆ ಕೊಡುತ್ತದೆ. ಸುಣ್ಣಕಲ್ಲಿನ ಮೇಲಿನ ಮಣ್ಣು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಬರೀ ಮೇಲ್ಮೈ ನಕ್ಷೆ ನೋಡಿ ತೀರ್ಪು ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಉತ್ತರ ಆಳದಲ್ಲಿದೆ. 30 ಸೆಂ.ಮೀ. ಉದ್ದದ ಕೊಳವೆಯನ್ನು ನೆಲಕ್ಕಿಳಿಸಿ ಮಣ್ಣಿನ ಕಂಬ ತೆಗೆಯಿರಿ, ಪ್ರತಿ 2 ಸೆಂ.ಮೀ.ಗೆ ಒಂದು ಓದು ತೆಗೆದುಕೊಳ್ಳಿ. ಆಳಕ್ಕೆ ಹೋದಂತೆ ಸಂಖ್ಯೆ ಏರುತ್ತಿದ್ದರೆ ಕಬ್ಬಿಣ ಬಂಡೆಯದ್ದು. ಮೇಲಿನ ಕೆಲವು ಸೆಂಟಿಮೀಟರ್‌ನಲ್ಲೇ ಚೂಪಾಗಿ ಏರಿ, ಕೆಳಗೆ ಧೊಪ್ಪನೆ ಇಳಿದರೆ ಅದು ಮೇಲಿಂದ ಬಿದ್ದದ್ದು ಎನ್ನಲು ಬಲವಾದ ಕಾರಣ ಇದೆ. ಕೊಳವೆ ಪ್ಲಾಸ್ಟಿಕ್‌ನದ್ದಾಗಿದ್ದರೆ, ಕತ್ತರಿಸಲು ಮರದ ಪಟ್ಟಿ ಇದ್ದರೆ ಒಳ್ಳೆಯದು. ಕಬ್ಬಿಣದ ಚಾಕು ತನ್ನದೇ ಚೂರನ್ನು ಮಾದರಿಗೆ ಬಿಟ್ಟುಹೋಗಬಹುದು.

ಇಲ್ಲಿ ಇನ್ನೊಂದು ತೊಡಕಿದೆ. 1955ರಲ್ಲಿ ಫ್ರಾನ್ಸ್‌ನ ವಿಜ್ಞಾನಿ ಲೆ ಬೋರ್ನ್ ಗಮನಿಸಿದ್ದರು: ಮಾಲಿನ್ಯ ಇಲ್ಲದ ಕಡೆಯೂ ಮೇಲ್ಮಣ್ಣು ಒಳಮಣ್ಣಿಗಿಂತ ಹೆಚ್ಚು ಕಾಂತೀಯವಾಗಿರಬಹುದು. ಮಣ್ಣು ತಾನೇ ಅತಿ ಚಿಕ್ಕ ಕಾಂತ ಕಣಗಳನ್ನು ಹುಟ್ಟಿಸಿಕೊಳ್ಳುತ್ತದೆ. ಹಾಗಾದರೆ ಇವೆರಡನ್ನು ಬೇರೆ ಮಾಡುವುದು ಹೇಗೆ? ಕಣದ ಗಾತ್ರ ನೋಡಿ. ಮಣ್ಣು ಹುಟ್ಟಿಸಿದ ಕಣಗಳಲ್ಲಿ ತುಂಬಾ ಪಾಲು ಮಿಲಿಮೀಟರಿನ ಲಕ್ಷದಲ್ಲಿ ಮೂರು ಭಾಗಕ್ಕಿಂತಲೂ ಸಣ್ಣವು. ಹಾರುಬೂದಿಯ ಗೋಲಿಗಳು ಅವುಗಳ ಮುಂದೆ ಗುಡ್ಡದಷ್ಟು.

ಇದಕ್ಕೆ ಮಾದರಿಯನ್ನು ಒಳಗೆ ತರಬೇಕು. ನೆರಳಲ್ಲಿ ಒಣಗಿಸಿ. ಒಲೆಗೆ ಹಾಕಿದರೆ ಕಬ್ಬಿಣದ ಖನಿಜವೇ ಬದಲಾಗಬಹುದು. 2 ಮಿ.ಮೀ. ಜರಡಿಯಲ್ಲಿ ಸೋಸಿ, 10 ಮಿ.ಲೀ. ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ತೂಗಿ. ತೂಕದಿಂದ ಭಾಗಿಸಿದರೆ ತೇವ, ಸಡಿಲತೆಗಳ ವ್ಯತ್ಯಾಸ ಕಾಡುವುದಿಲ್ಲ. ಆಮೇಲೆ ಎರಡು ಆವರ್ತನಗಳಲ್ಲಿ ಅಳೆಯಿರಿ: ಸೆಕೆಂಡಿಗೆ 465 ಸಲ ಮತ್ತು 4,650 ಸಲ ತಿರುಗುವ ಕಾಂತಕ್ಷೇತ್ರ. ಆ ಅತಿ ಸಣ್ಣ ಕಣಗಳಲ್ಲಿ ಕೆಲವಕ್ಕೆ ವೇಗದ ಕ್ಷೇತ್ರದ ಹಿಂದೆ ಓಡಲು ಆಗುವುದಿಲ್ಲ, ಸಂಖ್ಯೆ ಇಳಿಯುತ್ತದೆ. ದಪ್ಪ ಕಣಗಳಿಗೆ ಎರಡೂ ಒಂದೇ. ಮೊದಲ ಓದು 100, ಎರಡನೆಯದು 90 ಬಂದರೆ ಇಳಿತ ಶೇ 10. ಇದು ಮಣ್ಣಿನ ಸ್ವಂತ ದುಡಿಮೆ. 200 ಮತ್ತು 197 ಬಂದರೆ ಇಳಿತ ಶೇ 1.5. ಮೇಲ್ಪದರದಲ್ಲಿ ಸಂಖ್ಯೆ ದೊಡ್ಡದು, ಇಳಿತ ಶೇ 2ಕ್ಕಿಂತ ಕಡಿಮೆ, ಸೂಕ್ಷ್ಮದರ್ಶಕದಲ್ಲಿ ಗೋಲಿಗಳು! ಈ ಮೂರೂ ಕೂಡಿದರೆ ಹೊಗೆಯ ಗುರುತು ಸಿಕ್ಕಂತೆಯೇ.

ಲ್ಯಾಬಿಗೆ ಯಾವುದನ್ನು ಕಳಿಸಬೇಕು?

ರಾಸಾಯನಿಕ ಪರೀಕ್ಷೆ ತಪ್ಪುವುದಿಲ್ಲ, ಆದರೆ ನೂರಾರು ಮಾದರಿ ಕಳಿಸುವ ಕೆಲಸ ತಪ್ಪುತ್ತದೆ. ನಕ್ಷೆಯಲ್ಲಿ ಜಾಸ್ತಿ ಬಂದ ಜಾಗಗಳಿಂದ ಕೆಲವು, ಮಧ್ಯಮದಿಂದ ಕೆಲವು, ಕಡಿಮೆ ಬಂದಲ್ಲಿಂದಲೂ ಕೆಲವು ಆರಿಸಿ. ಕಡಿಮೆಯವನ್ನು ಬಿಟ್ಟರೆ ಮೀಟರ್‌ನ ಸಂಖ್ಯೆಗೂ ಭಾರಲೋಹಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಪೋಲೆಂಡಿನ ಅಪ್ಪರ್ ಸಿಲೇಸಿಯಾದಂಥ ಕಲ್ಲಿದ್ದಲು-ಉಕ್ಕಿನ ಸೀಮೆಯಲ್ಲಿ ಈ ವಿಧಾನ ಚೆನ್ನಾಗಿ ಫಲ ಕೊಟ್ಟಿದೆ. ಅಲ್ಲಿ ಸಿಕ್ಕ ಸೂತ್ರವನ್ನು ತಂದು ಇನ್ನೊಂದು ಕಡೆ ಹಚ್ಚಿದರೆ ನಡೆಯದು. ಕಬ್ಬಿಣಕ್ಕೂ ಸೀಸಕ್ಕೂ ಇರುವ ನಂಟು ಊರಿಂದ ಊರಿಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ.

ಕೀಟನಾಶಕ, ನೈಟ್ರೇಟ್, ಚೆಲ್ಲಿದ ದ್ರಾವಕ ಇವುಗಳ ವಿಷಯದಲ್ಲಿ ಮೀಟರ್‌ನಿಂದ ಸುಮ್ನೆ ಏನನ್ನೂ ನಿರೀಕ್ಷಿಸಬೇಡಿ. ಜೌಗು ನೆಲದಲ್ಲಂತೂ ಇನ್ನೂ ಎಚ್ಚರ ಬೇಕು. ನೀರು ನಿಂತು ಆಮ್ಲಜನಕ ಮುಗಿದಾಗ ಮ್ಯಾಗ್ನೆಟೈಟ್ ನಿಧಾನವಾಗಿ ಕರಗಿಹೋಗುತ್ತದೆ. ಜೊತೆಗಾರ ಹೋದರೂ ಸೀಸ ಅಲ್ಲೇ ಕೂತಿರಬಹುದು. ಅಂಥ ಕಡೆ ಮೀಟರ್ ಎಷ್ಟೇ ಕಡಿಮೆ ತೋರಿಸಲಿ, ಒಂದು ಡಬ್ಬಿ ಮಣ್ಣು ಲ್ಯಾಬಿಗೆ ಹೋಗಲೇಬೇಕು.