ಬೇರಿಂಗ್ ಬದಲಿಸುವಾಗ ಸುತ್ತಿಗೆ ದೂರ ಇಡಿ

ಅಕ್ಕಿ ಗಿರಣಿ, ಎಣ್ಣೆ ಮಿಲ್ಲು, ಪೀಣ್ಯದ ಸಣ್ಣ ವರ್ಕ್‌ಶಾಪ್, ಎಲ್ಲಿ ಹೋದರೂ ಒಂದೇ ದೂರು. ‘ಮೋಟಾರಿಗೆ ಹೊಸ ಬೇರಿಂಗ್ ಹಾಕಿ ಮೂರು ತಿಂಗಳಾಗಿಲ್ಲ ಸಾರ್, ಮತ್ತೆ ಸದ್ದು ಶುರು. ಈಗ ಬರೋ ಮಾಲೇ ಸರಿ ಇಲ್ಲ.’ ಮಾಲು ಕೆಟ್ಟದ್ದು ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬಿಚ್ಚಿದ ಬೇರಿಂಗನ್ನು ಒರೆಸಿ ನೋಡಿದರೆ ಎಷ್ಟೋ ಸಲ ಒಳ ರಿಂಗ್, ಹೊರ ರಿಂಗ್ ನಡುವೆ ಗುಂಡು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿ ಕಾಣುತ್ತವೆ. ಗುಂಡುಗಳ ನಡುವೆ ಎಷ್ಟು ಅಂತರ ಇದೆಯೋ ಗುಳಿಗಳ ನಡುವೆಯೂ ಅಷ್ಟೇ ಅಂತರ. ಅದು ಓಡಿ ಸವೆದದ್ದಲ್ಲ. ಹಾಕಿದ ದಿನವೇ ಸುತ್ತಿಗೆ ಏಟಿಗೆ ಬಿದ್ದ ಗಾಯ.

ಮೋಟಾರ್ ನಿಂತರೆ ಇಡೀ ಲೈನ್ ನಿಲ್ಲುತ್ತದೆ. ಅದಕ್ಕೇ ಎಲ್ಲರಿಗೂ ಅವಸರ. ಈ ಕೆಲಸದಲ್ಲಿ ಅವಸರ ಮಾಡಿದರೆ ಅದೇ ಮೋಟಾರನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಎರಡು ಕಡೆ ನಿಧಾನ ಬೇಕು: ಬೇರಿಂಗ್ ಕೂರಿಸುವಾಗ, ಗ್ರೀಸ್ ಹಾಕುವಾಗ. ಉಳಿದದ್ದು ಯಾವ ಫಿಟ್ಟರ್‌ಗಾದರೂ ಬರುತ್ತದೆ.

1. ಕರೆಂಟ್ ತೆಗೆಯಿರಿ

ಮೇನ್ ಆಫ್ ಮಾಡಿ, ಫ್ಯೂಸ್ ತೆಗೆದು, ಪ್ಯಾನೆಲ್‌ಗೆ ಬೀಗ ಹಾಕಿ. ಕೀ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು.

2. ನಂಬರ್ ಪೂರ್ತಿ ಬರೆದುಕೊಳ್ಳಿ

10 ಎಚ್‌ಪಿ ಆಸುಪಾಸಿನ ಮೋಟಾರ್‌ಗಳಲ್ಲಿ 6308 ಬೇರಿಂಗ್ ತುಂಬಾ ಕಡೆ ಸಿಗುತ್ತದೆ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅದನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ: 08 ಅಂದರೆ 40 ಮಿ.ಮೀ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ನಂಬರಿನ ಹಿಂದೆ ಬರುವ ಅಕ್ಷರಗಳಲ್ಲಿ. ‘ಝಡ್ ಝಡ್’ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ. ‘2ಆರ್‌ಎಸ್’ ಅಂದರೆ ಎರಡೂ ಕಡೆ ರಬ್ಬರ್ ಸೀಲ್. ‘ಸಿ3’ ಅಂದರೆ ಒಳಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಸಡಿಲ. ಬಿಸಿಯಾಗುವ ಮೋಟಾರಿನಲ್ಲಿ ಒಳ ರಿಂಗ್ ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಜಾಗ ಬೇಕು, ಅದಕ್ಕೇ ಸಿ3. ಅಂಗಡಿಯವರು ‘ಸಿ3 ಇಲ್ಲ, ಇದೂ ನಡೆಯುತ್ತೆ’ ಅಂದರೆ ಒಪ್ಪಬೇಡಿ, ಬೇರೆ ಅಂಗಡಿ ನೋಡಿ.

ನಕಲಿ ಮಾಲಿನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ನೋಡಿ ಅಸಲಿ ಅನ್ನಲು ಆಗುವುದಿಲ್ಲ, ಪೆಟ್ಟಿಗೆಯನ್ನೂ ಹಾಗೇ ಅಚ್ಚು ಹಾಕುತ್ತಾರೆ. ಅಧಿಕೃತ ಡೀಲರ್ ಹತ್ತಿರ, ಬಿಲ್ ಸಮೇತ ತಗೊಳ್ಳಿ. ರೇಟು ಅರ್ಧಕ್ಕೆ ಇಳಿದಿದ್ದರೆ ಅಲ್ಲೇ ಬಿಟ್ಟು ಬನ್ನಿ.

3. ಹಳೆಯದನ್ನು ಪುಲ್ಲರ್‌ನಿಂದ ತೆಗೆಯಿರಿ, ಎಸೆಯಬೇಡಿ

ಪುಲ್ಲರ್ ಅಂದರೆ ಬೇರಿಂಗನ್ನು ಹಿಡಿದು ಹೊರಗೆಳೆಯುವ ಸಾಧನ. ಅದರ ಕಾಲುಗಳು ಆದಷ್ಟೂ ಒಳ ರಿಂಗನ್ನೇ ಹಿಡಿಯಬೇಕು. ತೆಗೆದ ಬೇರಿಂಗನ್ನು ಗುಜರಿಗೆ ಹಾಕುವ ಮುಂಚೆ ಗ್ರೈಂಡರ್‌ನಲ್ಲಿ ಕತ್ತರಿಸಿ ಒಳಗೆ ನೋಡಿ. ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಓಡುವ ದಾರಿ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅತಿಯಾಗಿ ಕಾದಿದೆ. ಗುಂಡಿನ ಗುರುತು ಓರೆಯಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅಡ್ಡಡ್ಡ ಗೆರೆ ಗೆರೆಯಾಗಿ ಕಂಡರೆ ಬೇರಿಂಗ್ ಮೂಲಕ ಕರೆಂಟ್ ಹರಿದಿದೆ. ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಡ್ರೈವ್) ಹಾಕಿದ ಮೋಟಾರ್‌ಗಳಲ್ಲಿ ಇದು ಆಗಾಗ ಸಿಗುತ್ತದೆ.

ವೆಲ್ಡಿಂಗ್ ಕರೆಂಟ್ ಕೂಡ ಬೇರಿಂಗನ್ನು ಸುಡುತ್ತದೆ. ಫ್ಯಾನಿನ ಬ್ಲೇಡಿಗೆ ವೆಲ್ಡ್ ಮಾಡುತ್ತಾ ಅರ್ತ್ ಕ್ಲಾಂಪನ್ನು ದೂರದ ಫ್ರೇಮಿಗೆ ಹಾಕಿದರೆ ಕರೆಂಟ್ ಬೇರಿಂಗ್ ದಾಟಿಯೇ ಹೋಗಬೇಕು. ಕ್ಲಾಂಪ್ ಯಾವಾಗಲೂ ವೆಲ್ಡ್ ಮಾಡುವ ತುಂಡಿಗೇ ಹಾಕಿ.

4. ಶಾಫ್ಟ್ ಅಳೆಯಿರಿ

ಶಾಫ್ಟ್ ಅಂದರೆ ಬೇರಿಂಗ್ ಕೂರುವ, ತಿರುಗುವ ದಂಡ. ಅದನ್ನು ಅಳೆಯಲು ವರ್ನಿಯರ್ ಸಾಲದು, ಮೈಕ್ರೋಮೀಟರ್ ಬೇಕು. 40 ಮಿ.ಮೀ. ಶಾಫ್ಟಿಗೆ ‘ಕೆ6’ ಫಿಟ್ (ಬಿಗಿ ಎಷ್ಟಿರಬೇಕು ಅನ್ನುವ ಗುರುತು) ಕೊಟ್ಟಿದ್ದರೆ ಅಳತೆ 40.002ರಿಂದ 40.018 ಮಿ.ಮೀ. ಒಳಗಿರಬೇಕು. ಅಂದರೆ ಬೇರಿಂಗ್ ಸ್ವಲ್ಪ ಬಿಗಿಯಾಗಿಯೇ ಕೂರಬೇಕು. ಕೈಯಲ್ಲಿ ತಳ್ಳಿದರೆ ಸುಮ್ನೆ ಜಾರಿ ಕೂತರೆ ಶಾಫ್ಟ್ ಸವೆದಿದೆ ಅಂತಲೇ ಅರ್ಥ.

ಸವೆದ ಶಾಫ್ಟಿಗೆ ಸೆಂಟರ್ ಪಂಚ್‌ನಲ್ಲಿ ಚುಕ್ಕಿ ಹೊಡೆದು ಬಿಗಿ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ಆ ಚುಕ್ಕಿಗಳ ತುದಿಯ ಮೇಲಷ್ಟೇ ಬೇರಿಂಗ್ ನಿಂತಿರುತ್ತದೆ. ಕೆಲವೇ ದಿನಕ್ಕೆ ತುದಿಗಳು ಮಟ್ಟವಾಗಿ, ಒಳ ರಿಂಗ್ ಶಾಫ್ಟಿನ ಮೇಲೇ ತಿರುಗಲು ಶುರುವಾಗುತ್ತದೆ. ಸವೆತ ತೀರಾ ಕಡಿಮೆ ಇದ್ದರೆ ರಿಟೇನಿಂಗ್ ಕಾಂಪೌಂಡ್ (ಸಂದು ತುಂಬಿ ಗಟ್ಟಿಯಾಗುವ ಅಂಟು) ಹಚ್ಚಬಹುದು. ಜಾಸ್ತಿ ಇದ್ದರೆ ಮೆಟಲ್ ಸ್ಪ್ರೇ ಮಾಡಿಸಿ ಗ್ರೈಂಡ್ ಮಾಡಿಸಿ. ಖರ್ಚಾಗುತ್ತದೆ ನಿಜ. ಆಗಲಿ.

5. ಕೂರಿಸುವುದು

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಇಲ್ಲೇ.

ಮೊದಲು ಜಾಗ ಸ್ವಚ್ಛ ಮಾಡಿ. ಗ್ರೈಂಡಿಂಗ್ ನಡೆಯುವ ಮೂಲೆಯಲ್ಲಿ ಈ ಕೆಲಸ ಬೇಡ. ಮೇಜಿನ ಮೇಲೆ ಹೊಸ ಕಾಗದ ಹಾಸಿ. ಎಲ್ಲ ತಯಾರಾಗುವವರೆಗೂ ಬೇರಿಂಗಿನ ಪ್ಯಾಕೆಟ್ ಒಡೆಯಬೇಡಿ. ಒಡೆದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಹೊಸ ಬೇರಿಂಗ್ ಮೇಲಿರುವ ಎಣ್ಣೆ ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ್ದು. ಅದು ಗ್ರೀಸ್ ಜೊತೆ ಬೆರೆತರೂ ತೊಂದರೆ ಇಲ್ಲ. ತೊಳೆಯಲು ಹೋದರೆ ಡಬ್ಬಿಯ ತಳದ ಕೆಸರು ಒಳಗೆ ಸೇರುತ್ತದೆ.

ಇನ್ನು ಬಲ ಎಲ್ಲಿ ಬೀಳಬೇಕು ಅನ್ನುವುದು. ಬಿಗಿ ಯಾವ ರಿಂಗಿಗೆ ಇದೆಯೋ ಆ ರಿಂಗನ್ನೇ ತಳ್ಳಬೇಕು. ಶಾಫ್ಟಿಗೆ ಹಾಕುವಾಗ ಒಳ ರಿಂಗ್. ಹೌಸಿಂಗಿಗೆ, ಅಂದರೆ ಬೇರಿಂಗ್ ಹೊರಗಿನ ಗೂಡಿಗೆ, ಬಿಗಿ ಇದ್ದರೆ ಹೊರ ರಿಂಗ್. ಶಾಫ್ಟಿಗೆ ಹಾಕುವಾಗ ಹೊರ ರಿಂಗಿಗೆ ಹೊಡೆದಿರೋ, ಪ್ರತಿ ಏಟೂ ಗುಂಡುಗಳ ಮೂಲಕ ಹಾದು ದಾರಿಯಲ್ಲಿ ಗುಳಿ ಕೊರೆಯುತ್ತದೆ. ಆ ಗುಳಿ ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಸಾಕು, ಓಡಿದ ಹಾಗೆ ದೊಡ್ಡದಾಗುತ್ತದೆ. ಉಳಿ ಇಟ್ಟು ಅತ್ತ ಒಂದು ಇತ್ತ ಒಂದು ತಟ್ಟುವುದೂ ಬೇಡ. ಬೇರಿಂಗ್ ಓರೆಯಾಗಿ ಏರಿ ಶಾಫ್ಟನ್ನು ಗೀರುತ್ತದೆ.

ಸಣ್ಣ ಬೇರಿಂಗನ್ನು ತಳ್ಳಲು ಒಂದು ಪೈಪು ಸಾಕು. ತುದಿಯನ್ನು ಲೇತ್‌ನಲ್ಲಿ ಚಪ್ಪಟೆಯಾಗಿ ಫೇಸ್ ಮಾಡಿಸಿ, ಒಳ ರಿಂಗಿಗೆ ಮಾತ್ರ ತಾಗುವ ಹಾಗಿರಲಿ. ಪ್ರೆಸ್ ಇದ್ದರೆ ಇನ್ನೂ ಒಳ್ಳೆಯದು.

6308ರಂಥದ್ದಕ್ಕೆ ನನ್ನ ಮಾತು ಕೇಳಿ, ಬಿಸಿ ಮಾಡಿಯೇ ಹಾಕಿ. ಮುಚ್ಚಳ ಇಲ್ಲದ ಬೇರಿಂಗನ್ನು ಶಾಫ್ಟಿಗಿಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿ ಮಾಡಿದರೆ 40 ಮಿ.ಮೀ. ರಂಧ್ರ 38 ಮೈಕ್ರಾನ್‌ನಷ್ಟು (0.038 ಮಿ.ಮೀ.) ಹಿಗ್ಗುತ್ತದೆ. ಕೆ6 ಫಿಟ್‌ನಲ್ಲಿ ಬಿಗಿ ಜಾಸ್ತಿ ಅಂದರೆ 30 ಮೈಕ್ರಾನ್: ಶಾಫ್ಟ್ 18 ಮೈಕ್ರಾನ್‌ವರೆಗೆ ದಪ್ಪ, ಬೇರಿಂಗ್ ರಂಧ್ರ 12 ಮೈಕ್ರಾನ್‌ವರೆಗೆ ಚಿಕ್ಕದು ಇರಬಹುದು. ಹಾಗಾಗಿ ಏಟೇ ಬೇಕಾಗುವುದಿಲ್ಲ, ಕೈಯಲ್ಲೇ ಜಾರುತ್ತದೆ. ಒಟ್ಟು ಶಾಖ 110 ಡಿಗ್ರಿ ದಾಟದಿರಲಿ. ಸೀಲ್ ಇರುವ, ಒಳಗೆ ಗ್ರೀಸ್ ತುಂಬಿ ಬಂದ ಬೇರಿಂಗಿಗೆ 80 ಡಿಗ್ರಿಯೇ ಮಿತಿ. ಅದನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸುವಂತೆಯೂ ಇಲ್ಲ.

ಇಂಡಕ್ಷನ್ ಹೀಟರ್ ಇದ್ದರೆ ಅದೇ ಸರಿ. ಕೊನೆಗೆ ಡಿಮ್ಯಾಗ್ನೆಟೈಸ್ ಆಗಿದೆಯೇ, ಅಂದರೆ ಅಯಸ್ಕಾಂತದ ಗುಣ ಹೋಗಿದೆಯೇ ನೋಡಿ, ಇಲ್ಲದಿದ್ದರೆ ಕಬ್ಬಿಣದ ಪುಡಿ ಎಳೆದುಕೊಳ್ಳುತ್ತದೆ. ಗ್ಯಾಸ್ ಕಟ್ಟರ್ ಜ್ವಾಲೆ ಯಾವ ಕಾರಣಕ್ಕೂ ಬೇಡ. ಒಂದು ಕಡೆ ಮಾತ್ರ ಕಾದು ಉಕ್ಕು ಮೆತ್ತಗಾಗುತ್ತದೆ.

ಬಿಸಿ ಬೇರಿಂಗನ್ನು ಕೈಗವಸು ಹಾಕಿಕೊಂಡು ಒಂದೇ ಸಲಕ್ಕೆ ಶಾಫ್ಟಿನ ಮೆಟ್ಟಿಲಿನವರೆಗೆ ತಳ್ಳಿ. ತಳ್ಳಿ ಬಿಟ್ಟುಬಿಡಬೇಡಿ! ಆರುವಾಗ ರಿಂಗ್ ಅಗಲದಲ್ಲೂ ಕುಗ್ಗಿ, ಮೆಟ್ಟಿಲಿನಿಂದ ದೂರ ಸರಿದು ನಿಲ್ಲುತ್ತದೆ. ಹಿಡಿತ ಬರುವವರೆಗೆ ಒತ್ತಿ ಹಿಡಿದೇ ಇರಿ. ಆರಿದ ಮೇಲೆ ರಿಂಗ್, ಮೆಟ್ಟಿಲಿನ ಸಂದಿಗೆ ತೀರಾ ತೆಳು ಫೀಲರ್ ಗೇಜ್ (ಸಂದು ಅಳೆಯುವ ಪಟ್ಟಿ) ತೂರಿಸಿ ನೋಡಿ. ಎಲ್ಲೂ ತೂರಬಾರದು.

6. ಗ್ರೀಸ್

ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವ ನಂಬಿಕೆ ಬೇರುಬಿಟ್ಟಿದೆ. ತುಂಬಿ ತುಳುಕುವ ಗ್ರೀಸನ್ನು ಗುಂಡುಗಳು ಕಡೆಯುತ್ತಲೇ ಇರುತ್ತವೆ, ಮೊಸರು ಕಡೆದ ಹಾಗೆ. ಬಿಸಿ ಏರುತ್ತದೆ, ಎಣ್ಣೆ ಬೇರೆಯಾಗುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಹೊಸದಾಗಿ ಹಾಕುವಾಗ ಗುಂಡುಗಳ ನಡುವೆ ಪೂರ್ತಿ ತುಂಬಿ. ಕವರ್ ಒಳಗಿನ ಜಾಗವನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ ತುಂಬಿ.

ಆಮೇಲೆ ಆಗಾಗ ಹಾಕುವುದಕ್ಕೆ ಸುಲಭ ಲೆಕ್ಕ ಇದೆ. ಹೊರ ವ್ಯಾಸ, ಅಗಲ ಎರಡನ್ನೂ ಮಿ.ಮೀ.ನಲ್ಲಿ ಗುಣಿಸಿ, ಬಂದದ್ದನ್ನು 0.005ರಿಂದ ಗುಣಿಸಿ. 6308ಕ್ಕೆ 90 × 23 × 0.005, ಅಂದರೆ ಸುಮಾರು 10 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಗ್ರಾಂ ಬಿಡುತ್ತದೆ ಗೊತ್ತಾ? ಹತ್ತು ಸಲ ಕಾಗದದ ಮೇಲೆ ಒತ್ತಿ, ತೂಕ ಮಾಡಿ, ಹತ್ತರಿಂದ ಭಾಗಿಸಿ. ಆ ಅಂಕಿಯನ್ನು ಗನ್ ಮೇಲೆ ಪೇಂಟಿನಲ್ಲಿ ಬರೆಯಿರಿ. ಒತ್ತುವ ಮುಂಚೆ ಗ್ರೀಸ್ ಒಳಹೋಗುವ ನಿಪ್ಪಲ್ ಒರೆಸಿ, ಕೆಳಗಿನ ಡ್ರೈನ್ ಪ್ಲಗ್ ತೆಗೆಯಿರಿ. ಸ್ವಲ್ಪ ಹೊತ್ತು ಓಡಿಸಿ, ಹಳೆಯದು ಹೊರಬಂದ ಮೇಲೆ ಪ್ಲಗ್ ಹಾಕಿ.

ಎರಡು ಜಾತಿ ಗ್ರೀಸ್ ಬೆರೆಸಬೇಡಿ. ಲಿಥಿಯಂ, ಪಾಲಿಯೂರಿಯಾ ಬೆರೆತರೆ ಎಷ್ಟೋ ಸಲ ನೀರಾಗಿ ಸೋರಿಹೋಗುತ್ತದೆ. ಬಣ್ಣ ನೋಡಿ ಜಾತಿ ಹೇಳಲು ಆಗುವುದಿಲ್ಲ, ಬಣ್ಣ ಬೆರೆಸಿದ್ದು ಅಷ್ಟೇ. ಡಬ್ಬಿ ಮೇಲೆ ಏನೂ ಬರೆಯದ, ಕೆ.ಜಿ. ಲೆಕ್ಕದಲ್ಲಿ ಸಿಗುವ ಗ್ರೀಸ್ ಗೇಟಿನ ಹಿಂಜಿಗೆ ಇರಲಿ, ಮೋಟಾರಿಗೆ ಬೇಡ.

7. ಜೋಡಿಸಿ, ಓಡಿಸಿ

ಬೆಲ್ಟ್ ಇದ್ದರೆ ಅತಿಯಾಗಿ ಬಿಗಿ ಮಾಡಬೇಡಿ. ಗುಂಡಿನ ಬೇರಿಂಗ್ ಮೇಲೆ ಭಾರ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೋಟಾರ್, ಮೆಷಿನ್ ಶಾಫ್ಟ್ ಜೋಡಿಸುವ ಕಪ್ಲಿಂಗ್ ಇದ್ದರೆ ಡಯಲ್ ಗೇಜ್ ಇಟ್ಟೇ ಎರಡನ್ನೂ ಒಂದೇ ನೇರಕ್ಕೆ ಅಲೈನ್ ಮಾಡಿ. ಆಮೇಲೆ ಮೋಟಾರಿನ ಕಾಲಿಗೆ ಗೇಜ್ ಇಟ್ಟು, ಕಾಲಿನ ಬೋಲ್ಟನ್ನು ಒಂದೊಂದಾಗಿ ಸಡಿಲಿಸಿ. ಗೇಜಿನ ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಸರಿದರೆ ಆ ಕಾಲು ನೆಲಕ್ಕೆ ಸರಿಯಾಗಿ ಕೂತಿಲ್ಲ. ಅಲ್ಲಿಗೆ ಸ್ಟೀಲ್ ಶಿಮ್ (ಸಂದು ತುಂಬುವ ತೆಳು ಹಾಳೆ) ಹಾಕಿ. ಡಬ್ಬಿ ತಗಡು ಕತ್ತರಿಸಿ ಹಾಕಿದರೆ ಅದು ಒತ್ತಡಕ್ಕೆ ಕುಸಿಯುತ್ತದೆ.

ಶುರುವಿನಲ್ಲಿ ಬಿಸಿ ಸ್ವಲ್ಪ ಏರಿ ಆಮೇಲೆ ಇಳಿಯುತ್ತದೆ, ಗಾಬರಿ ಬೇಡ. ಇಳಿಯದೆ ಏರುತ್ತಲೇ ಹೋದರೆ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಪ್ರತಿ ಸಲ ಅಲ್ಲೇ ಅಳೆಯಿರಿ. ತಾರೀಕು, ಬೇರಿಂಗ್ ನಂಬರ್, ಗ್ರೀಸ್ ಹೆಸರು, ಆಂಪ್ಸ್, ಬಿಸಿ, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ದುಬಾರಿ ಸಾಫ್ಟ್‌ವೇರ್ ಆಮೇಲೆ ಕೊಳ್ಳಬಹುದು.

ಸ್ಪೇರ್ ಮೋಟಾರ್ ಇದ್ದರೆ ಅದನ್ನು ಓಡುವ ಮೆಷಿನ್ ಪಕ್ಕ ನೆಲದ ಮೇಲೆ ಇಡಬೇಡಿ. ನಿಂತ ಬೇರಿಂಗಿಗೂ ಆ ನಡುಕ ಗಾಯ ಮಾಡುತ್ತದೆ. ಬೇರೆ ಕಡೆ, ಕೆಳಗೆ ರಬ್ಬರ್ ಹಾಳೆ ಹಾಕಿ ಇಡಿ. ತಿಂಗಳಿಗೊಮ್ಮೆ ಶಾಫ್ಟನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸಿ, ಹಿಂದಿನ ಸಲಕ್ಕಿಂತ ಬೇರೆ ಜಾಗದಲ್ಲಿ ನಿಲ್ಲಿಸಿ.