ಲಂಡನ್ ದಾಟಿ ನೋಡಿ: ಬ್ರಿಟನ್ನಿನ ಹಳೆಯ ದೊಡ್ಡ ಮನೆಗಳು

ಊರಿಂದ ಅಪ್ಪ ಅಮ್ಮ ಬಂದರೆ ಬ್ರಿಟನ್ನಿನಲ್ಲಿರುವ ನಾವೆಲ್ಲ ಮಾಡುವುದು ಹೆಚ್ಚುಕಡಿಮೆ ಒಂದೇ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಟಿಪ್ಪುವಿನ ಮರದ ಹುಲಿ ತೋರಿಸುತ್ತೇವೆ. ಅದು ನೋಡಲೇಬೇಕಾದದ್ದು, ಸರಿ. ಆದರೆ ಟಿಪ್ಪುವಿನ ಸಿಂಹಾಸನದಲ್ಲಿದ್ದ ರತ್ನ ಕೂರಿಸಿದ ಚಿನ್ನದ ಹುಲಿತಲೆಗಳಲ್ಲಿ ಒಂದು ವೇಲ್ಸ್‌ನ ವೆಲ್ಶ್‌ಪೂಲ್ ಎಂಬ ಸಣ್ಣ ಊರಿನ ಪಕ್ಕದಲ್ಲಿದೆ. ಪೊವಿಸ್ ಕ್ಯಾಸಲ್ ಎಂಬ ಕೆಂಪು ಕಲ್ಲಿನ ಕೋಟೆಮನೆಯಲ್ಲಿ. ಇಂಥ ಮನೆಗಳು ಈ ದೇಶದ ತುಂಬ ಇವೆ. ಅವುಗಳ ವ್ಯವಸ್ಥೆ ಗೊತ್ತಾಗದೆ ನಮ್ಮವರು ಎಷ್ಟೋ ಜನ ಗೇಟಿನ ಮುಂದೆಯೇ ಹಾದು ಹೋಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು, ಮನೆ ಯಾರ ಕೈಯಲ್ಲಿದೆ ಅನ್ನುವುದು. ಟಿಕೆಟ್, ಪಾರ್ಕಿಂಗ್, ಮೆಂಬರ್‌ಶಿಪ್ ಎಲ್ಲ ಅದರ ಮೇಲೇ ನಿಂತಿದೆ.

ಹೆಚ್ಚಾಗಿ ಸಿಗುವುದು ನ್ಯಾಷನಲ್ ಟ್ರಸ್ಟ್. 1895ರಲ್ಲಿ ಶುರುವಾದದ್ದು. ಇದು ಸರ್ಕಾರದ ಇಲಾಖೆಯಲ್ಲ, ಹಳೆಯ ಮನೆ, ಜಾಗಗಳನ್ನು ಕಾಪಾಡುವ ಚಾರಿಟಿ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಇದರ ವ್ಯಾಪ್ತಿ. ಸ್ಕಾಟ್ಲೆಂಡಿಗೆ ಬೇರೆಯೇ ಟ್ರಸ್ಟ್ ಇದೆ, ಆದರೆ ಒಂದರ ಮೆಂಬರ್‌ಶಿಪ್ ಕಾರ್ಡ್ ಇನ್ನೊಂದರಲ್ಲೂ ನಡೆಯುತ್ತದೆ. ಇಷ್ಟೊಂದು ಬಂಗಲೆಗಳು ಇವರ ಕೈಗೆ ಬಂದದ್ದಕ್ಕೆ ಕಾರಣ ತೆರಿಗೆ. ಯಜಮಾನ ಸತ್ತಾಗ ಆಸ್ತಿಯ ಮೇಲೆ ಬೀಳುತ್ತಿದ್ದ ತೆರಿಗೆ ಕಟ್ಟಲಾಗದೆ ಎಷ್ಟೋ ಮನೆತನಗಳು ಸೋತವು. 1937ರ ಕಾನೂನು ಅವರಿಗೆ ಒಂದು ದಾರಿ ಕೊಟ್ಟಿತು. ಮನೆಯನ್ನು ಟ್ರಸ್ಟ್‌ಗೆ ಬಿಟ್ಟುಕೊಡಬಹುದು, ಅಲ್ಲೇ ವಾಸವನ್ನೂ ಮುಂದುವರಿಸಬಹುದು. ವುಲ್ವರ್‌ಹ್ಯಾಂಪ್ಟನ್ನಿನ ವಿಟಿಕ್ ಮ್ಯಾನರ್ ಹಾಗೆ ಅದೇ ವರ್ಷ ಬಂದ ಮನೆ. ಪೇಂಟ್ ವ್ಯಾಪಾರದ ಮ್ಯಾಂಡರ್ ಕುಟುಂಬದ್ದು. ಗೋಡೆಯ ಕಾಗದ, ಪರದೆ, ಕುರ್ಚಿಯ ಬಟ್ಟೆ, ಎಲ್ಲಿ ನೋಡಿದರೂ ವಿನ್ಯಾಸಕಾರ ವಿಲಿಯಂ ಮೋರಿಸ್‌ನ ಹೂಬಳ್ಳಿ. ಬರ್ಮಿಂಗ್‌ಹ್ಯಾಂ ಕಡೆ ಇರುವವರು ಇಲ್ಲಿಂದಲೇ ಶುರುಮಾಡಿ ಅನ್ನುತ್ತೇನೆ. ಮ್ಯೂಸಿಯಂ ಅನ್ನಿಸುವುದೇ ಇಲ್ಲ. ಯಾರೋ ಈಗ ತಾನೇ ಎದ್ದು ಹೊರಗೆ ಹೋದ ಮನೆಯ ಹಾಗಿದೆ.

ಇಂಗ್ಲಿಷ್ ಹೆರಿಟೇಜ್ ಇನ್ನೊಂದು ಚಾರಿಟಿ. ಸ್ಟೋನ್‌ಹೆಂಜ್ ಇವರದ್ದೇ. ಐಲ್ ಆಫ್ ವೈಟ್‌ನಲ್ಲಿರುವ ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಹೌಸ್ ಕೂಡ. ಅಲ್ಲಿನ ದರ್ಬಾರ್ ಕೋಣೆಯ ಕೆತ್ತನೆಯನ್ನು ರೂಪಿಸಿದವರು ಪಂಜಾಬಿನ ಭಾಯಿ ರಾಮ್ ಸಿಂಗ್. ಇನ್ನು, ಕುಟುಂಬಗಳೇ ನಡೆಸುವ ಮನೆಗಳಿಗೆ ಹಿಸ್ಟಾರಿಕ್ ಹೌಸಸ್ ಎಂಬ ಸಂಘವಿದೆ. ಮ್ಯೂಸಿಯಂಗಳನ್ನೇ ಜಾಸ್ತಿ ನೋಡುವವರಿಗೆ ಆರ್ಟ್ ಫಂಡ್ ಎಂಬ ಚಾರಿಟಿಯವರ ನ್ಯಾಷನಲ್ ಆರ್ಟ್ ಪಾಸ್ ಎಂಬ ಕಾರ್ಡ್ ಒಳ್ಳೆಯದು. ಆ ಎರಡು ಟ್ರಸ್ಟ್‌ಗಳ ಹಾಗೆ ಇವುಗಳಲ್ಲೂ ಒಂದರ ಕಾರ್ಡ್ ಇನ್ನೊಂದರಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ಮನೆಗೆ ಹತ್ತಿರ ಯಾವುದು ಹೆಚ್ಚಿದೆಯೋ ನೋಡಿ, ಸುಮ್ನೆ ಒಂದು ವರ್ಷಕ್ಕೆ ಅದನ್ನೇ ತೆಗೆದುಕೊಳ್ಳಿ.

ಟಿಕೆಟ್ ಕೊಡುವಾಗ ‘ಗಿಫ್ಟ್ ಏಡ್?’ ಎಂದು ಕೇಳುತ್ತಾರೆ. ನೀವು ಇಲ್ಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ಹೂಂ ಅನ್ನಬಹುದು. ನೀವು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸಿ ಚಾರಿಟಿಗೆ ಕೊಡುತ್ತದೆ. ಊರಿಂದ ಬಂದ ಅಪ್ಪ ಅಮ್ಮನ ಹೆಸರಲ್ಲಿ ಇದು ಆಗುವುದಿಲ್ಲ.

ಒಳಗೆ ಹೋದರೆ ಕೋಣೆಗಳು ಮಬ್ಬಾಗಿರುತ್ತವೆ. ಬೆಳಕಿಗೆ ಬಟ್ಟೆ, ಬಣ್ಣ ಮಾಸುತ್ತವೆ, ಅದಕ್ಕೇ ಕಿಟಕಿಗೆ ಪರದೆ. ಬೆನ್ನಿನ ಬ್ಯಾಗನ್ನು ಮುಂದಕ್ಕೆ ಹಾಕಿಕೊಳ್ಳಲು ಹೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಹೇಳುತ್ತಾರೆ. ಕೋಣೆಗಳಲ್ಲಿ ಕೂತಿರುವ ಹಿರಿಯರು ಕಾವಲುಗಾರರಲ್ಲ, ಹೆಚ್ಚಿನವರು ಸಂಬಳವಿಲ್ಲದೆ ಬರುವ ವಾಲಂಟಿಯರ್‌ಗಳು. ದಯವಿಟ್ಟು ಮಾತಾಡಿಸಿ. ಈ ಮೇಜು ಯಾರು ಮಾಡಿದ್ದು, ಈ ಪಿಂಗಾಣಿ ಎಲ್ಲಿಂದ ಬಂತು ಎಂದು ಕೇಳಿದರೆ ಸಾಕು, ಅವರ ಮುಖ ಅರಳುತ್ತದೆ. ನಾನು ಕಲಿತದ್ದರಲ್ಲಿ ಅರ್ಧ ಹಾಗೆ ಕೇಳಿ ಕಲಿತದ್ದು. ಬುತ್ತಿ ತಂದಿದ್ದರೆ ಹೊರಗೆ ಹುಲ್ಲಿನ ಮೇಲೆ ಕೂತು ತಿನ್ನಬಹುದು. ಚಿತ್ರಾನ್ನಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಚಳಿಗಾಲದಲ್ಲಿ ಎಚ್ಚರ. ನವೆಂಬರ್‌ನಿಂದ ಮಾರ್ಚ್‌ವರೆಗೆ ಎಷ್ಟೋ ಮನೆಗಳ ಒಳಭಾಗ ಮುಚ್ಚಿರುತ್ತದೆ, ತೋಟ ಮಾತ್ರ ತೆರೆದಿರುತ್ತದೆ. ನಾನೊಮ್ಮೆ ಅಮ್ಮನನ್ನು ಎರಡು ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದಿದ್ದೇನೆ. ಹೊರಡುವ ದಿನ ಬೆಳಿಗ್ಗೆ ವೆಬ್‌ಸೈಟ್ ನೋಡಿಯೇ ಹೊರಡಿ. ದುಡ್ಡು ಉಳಿಸಬೇಕು ಅನ್ನುವವರಿಗೆ ಸೆಪ್ಟೆಂಬರ್ ಒಳ್ಳೆಯದು. ಇಂಗ್ಲೆಂಡಿನಲ್ಲಿ ಆಗ ಹೆರಿಟೇಜ್ ಓಪನ್ ಡೇಸ್, ಸಾವಿರಾರು ಜಾಗಗಳಿಗೆ ಉಚಿತ ಪ್ರವೇಶ. ವರ್ಷಪೂರ್ತಿ ಉಚಿತವಾಗಿರುವವೂ ಇವೆ. ಲಿವರ್‌ಪೂಲ್ ಹತ್ತಿರದ ಲೇಡಿ ಲಿವರ್ ಆರ್ಟ್ ಗ್ಯಾಲರಿ ಹಾಗೆ. ಸನ್‌ಲೈಟ್ ಸೋಪಿನ ಯಜಮಾನ ಕಟ್ಟಿಸಿ 1922ರಲ್ಲಿ ತೆರೆದದ್ದು.

ಮತ್ತೆ ಪೊವಿಸ್‌ಗೆ ಬರುತ್ತೇನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವರು ಎಡ್ವರ್ಡ್ ಕ್ಲೈವ್, ರಾಬರ್ಟ್ ಕ್ಲೈವ್‌ನ ಮಗ. ಅವರ ಹೆಂಡತಿ ಹೆನ್ರಿಯೆಟಾಳ ತವರು ಈ ಕೋಟೆ. ಮರುವರ್ಷ ಆಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಮೈಸೂರು, ಶ್ರೀರಂಗಪಟ್ಟಣ ಸುತ್ತಿದ್ದಳು. ಸಿಂಹಾಸನವನ್ನು ಗೆದ್ದವರು ಒಡೆದು ಹಂಚಿಕೊಂಡಿದ್ದರು. ಅದರ ಹುಲಿತಲೆ ಈಗ ಇಲ್ಲಿ ಗಾಜಿನ ಹಿಂದಿದೆ, ಮುಷ್ಟಿಯಲ್ಲಿ ಹಿಡಿಯುವಷ್ಟೇ ದೊಡ್ಡದು. ಟಿಪ್ಪುವಿನ ಹೂಚಿತ್ತಾರದ ಹತ್ತಿ ಗುಡಾರವೂ ಈ ಮನೆಯದ್ದೇ. ಬಟ್ಟೆಯಾದ್ದರಿಂದ ಯಾವಾಗಲೂ ಹೊರಗಿಡುವುದಿಲ್ಲ, ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಬರ್ಮಿಂಗ್‌ಹ್ಯಾಂನಿಂದ ಶ್ರೂಸ್ಬರಿ ದಾರಿಯಾಗಿ ವೆಲ್ಶ್‌ಪೂಲ್‌ಗೆ ರೈಲಿದೆ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು, ದಾರಿ ಏರು. ಕೋಟೆಯಲ್ಲೂ ಮೆಟ್ಟಿಲು ಜಾಸ್ತಿ. ಮಂಡಿನೋವಿನ ಹಿರಿಯರಿದ್ದರೆ ಅದನ್ನೂ ಅದೇ ಫೋನಿನಲ್ಲಿ ಹೇಳಿಬಿಡಿ.